ಎರಡು ಅರ್ಜಿ, ಒಂದೇ ಕೈಬರಹ

ಇವತ್ತು ಬೆಳಿಗ್ಗೆ ಪೇಪರು ಒದ್ದೆಯಾಗಿ ಬಂತು. ಮೈಸೂರಿನ ನಮ್ಮ ಮನೆಯ ಕಾಂಪೌಂಡಿನೊಳಗೆ ನೀರು ನಿಲ್ಲುವ ಗುಂಡಿ ಇರುವುದು ಒಂದೇ ಒಂದು. ಪೇಪರು ಹಾಕುವವರಿಗೆ ಅದರ ಮೇಲೆ ಏನು ಪ್ರೀತಿಯೋ, ಮಳೆಗಾಲದಲ್ಲಿ ಗುರಿ ತಪ್ಪುವುದೇ ಇಲ್ಲ. ನಾನೂ ಬಿಡುವವಳಲ್ಲ. ಮೇಜಿನ ಮೇಲೆ ಹಳೇ ಸೀರೆ ಮಡಿಸಿ ಹಾಸಿ, ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಒಂದೊಂದೇ ಪುಟ ಒಣಗಿಸುತ್ತಾ ಕೂತೆ. ಈ ವಯಸ್ಸಿನಲ್ಲಿ ಇದೂ ಒಂದು ಕೆಲಸವೇ ಅಂತ ನಗಬೇಡಿ. ಒದ್ದೆ ಕಾಗದಕ್ಕೆ ಬಿಸಿ ತಗುಲಿದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಇಂಕು, ಸ್ವಲ್ಪ ಅಂಟು, ಇನ್ನು ಸ್ವಲ್ಪ ಕೆಸರು. ಆ ವಾಸನೆ ಮೂಗಿಗೆ ಬಡಿದ ಹೊತ್ತಿಗೇ ಮೂರನೇ ಪುಟದ ಮೂಲೆಯ ಸುದ್ದಿ ಕಣ್ಣಿಗೆ ಬಿತ್ತು: ಕೊಡಗಿನಲ್ಲಿ ಭಾರಿ ಮಳೆ, ಲಕ್ಷ್ಮಣತೀರ್ಥ ಉಕ್ಕಿ ಹರಿಯುತ್ತಿದೆ, ಹನಗೋಡಿನ ಕೆಳಗಿನ ನದಿದಡದ ಊರುಗಳಿಗೆ ಎಚ್ಚರಿಕೆ.

ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ರತ್ನನಿಗೆ ಫೋನ್ ಮಾಡಿದೆ. ಅವಳು ವ್ಯಾಪ್ತಿ ಪ್ರದೇಶದ ಹೊರಗಿದ್ದಾಳೆ ಅಂತ ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ ತಿಳಿಸಿದಳು. ಮತ್ತೆ ಮಾಡಿದೆ. ಅದೇ ಹೆಂಗಸು, ಅದೇ ಮರ್ಯಾದೆ.

ರತ್ನ ಯಾರು ಅಂತ ಹೇಳಬೇಕು. ಆದರೆ ಅವಳ ಕಥೆ ಶುರುವಾಗುವುದು ಒಂದು ತೊಟ್ಟಿಲಿನಿಂದ, ತೊಟ್ಟಿಲಿಗೂ ಮುಂಚೆ ನಮ್ಮತ್ತೆ ಬರಬೇಕು. ಬದುಕಿದ್ದಾಗ ಅವರು ಯಾರ ಹಿಂದೆಯೂ ನಡೆದವರಲ್ಲ, ಈಗ ಹಿಂದೆ ನಿಲ್ಲಿಸಿದರೆ ನನಗೆ ಉಳಿಗಾಲವಿಲ್ಲ.

ಹುಣಸೂರಿನಿಂದ ಹನಗೋಡಿಗೆ ಹೋಗುವ ಬಸ್ಸಿನಲ್ಲಿ ನಡುವೆ ಇಳಿದು, ಅರ್ಧ ಗಂಟೆ ನಡೆದರೆ ತೊರೆಸಾಲು. ನದಿಯ ದಡದಲ್ಲೇ ನಾಲ್ಕು ಬೀದಿ, ಒಂದು ಸಂತೆಮಾಳ, ಎರಡು ಕಾಫಿ ಹೋಟೆಲು, ಒಬ್ಬ ಟೈಲರು. ನಮ್ಮತ್ತೆ ಅದನ್ನು ಪಟ್ಟಣ ಅನ್ನುತ್ತಿದ್ದರು. ಮೈಸೂರಿನಿಂದ ಬಂದ ನನಗೆ ನಗು ಬರುತ್ತಿತ್ತು, ಆದರೆ ನಗು ತಡೆದುಕೊಳ್ಳುವುದನ್ನು ಕಾನ್ವೆಂಟಿನಲ್ಲಿ ಚೆನ್ನಾಗಿ ಕಲಿಸಿದ್ದರು. ಅಲ್ಲಿ ಇನ್ನೂ ಬಹಳ ಕಲಿಸಿದ್ದರು. ಟೇಬಲ್ ಮ್ಯಾನರ್ಸು, ಎಂಬ್ರಾಯ್ಡರಿ, ಎಲೊಕ್ಯೂಷನ್ನು, ಎಲ್ಲಕ್ಕಿಂತ ಹೆಚ್ಚಾಗಿ ಹ್ಯಾಂಡ್‌ರೈಟಿಂಗು. ಅಕ್ಷರ ಬಲಕ್ಕೆ ವಾಲಬೇಕು, ಬಾಲಗಳು ಬಳ್ಳಿಯ ಹಾಗೆ ಸುತ್ತಬೇಕು, ಇಡೀ ಪುಟದಲ್ಲಿ ಪೆನ್ನು ಎಲ್ಲೂ ತಡವರಿಸಬಾರದು. ತಡವರಿಸಿದರೆ ಸಿಸ್ಟರ್ ಬೆರಳ ಗಂಟಿನ ಮೇಲೆ ರೂಲರಿನಿಂದ ತಟ್ಟುತ್ತಿದ್ದರು. ರಾಗಿ ಮುದ್ದೆ ಕಟ್ಟುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ. ಮದುವೆಯಾಗಿ ಬಂದ ಮೊದಲ ವಾರ ನಾನು ತಿರುವಿಟ್ಟ ಹಿಟ್ಟನ್ನು ನೋಡಿ ಅತ್ತೆ ಕೇಳಿದರು:

"ಇದೇನಮ್ಮಿ, ಮುದ್ದೆಯಾ ಅಂಬಲಿಯಾ? ಇದಕ್ಕೆ ಇಂಗ್ಲೀಷ್ನಾಗೆ ಏನಂತಾರೆ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ದಿದ್ರೆ ಒಳ್ಳೇದಾಯ್ತು ಬುಡು. ಹೆಸ್ರೇ ಇಲ್ದಿರೋದನ್ನ ನಾಯಿಗೆ ಆಕು."

ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಗದ್ದೆ, ಹೊಲ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಆಳುಕಾಳು, ಎಲ್ಲ ಅತ್ತೆಯ ಒಂದು ಕೂಗಿನ ಅಳತೆಯಲ್ಲಿ ನಡೆಯುತ್ತಿದ್ದವು. ನಮ್ಮ ಯಜಮಾನರೂ ಆ ಕೂಗಿನೊಳಗೇ ಬದುಕಿದವರು. ಪಾಪ, ಒಳ್ಳೆಯವರು.

ಊರು ಇಳಿಜಾರಿನಲ್ಲಿತ್ತು. ಎಲ್ಲಕ್ಕಿಂತ ಮೇಲೆ ನಮ್ಮ ಮನೆ, ಅದರ ಕೆಳಗೆ ಉಳಿದ ಗೌಡರ ಮನೆಗಳು, ಅದರ ಕೆಳಗೆ ಅಂಗಡಿ ಬೀದಿ, ಆಮೇಲೆ ಸಂತೆಮಾಳ. ಕೊನೆಯಲ್ಲಿ, ನೀರಿಗೆ ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ, ಕೇರಿ. ಯಾವ ಕೇರಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ನಾಡಿನ ಊರುಗಳಲ್ಲಿ ಅತಿ ತಗ್ಗಿನ ಜಾಗ ಯಾರಿಗೆ ಮೀಸಲು ಅಂತ ನಿಮಗೂ ಗೊತ್ತು. ಆದರೆ ಊರ ನಡುವಿನ ಕರುಗಲ್ಲಿಗೆ ಮೊದಲ ಪೂಜೆ ಮಾಡುವ ಹಕ್ಕು ಮಾತ್ರ ತಲೆಮಾರುಗಳಿಂದ ಊರ ಚಾಕರಿ ಹೊತ್ತ, ಆ ಕೇರಿಯ ಕುಳವಾಡಿಯದು. ಕರುಗಲ್ಲು ಅಂದರೆ ಊರು ಕಟ್ಟುವಾಗ ಮೊಟ್ಟಮೊದಲು ನೆಟ್ಟ ಕಲ್ಲು. ಮೊಣಕಾಲುದ್ದ, ಕೆತ್ತನೆ ಇಲ್ಲ, ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಕಲ್ಲಿನ ಬಣ್ಣವೇ ಮರೆತುಹೋಗಿತ್ತು. ಹಿಂದೆ ಅದನ್ನು ನೆಟ್ಟದ್ದು ಕುಳವಾಡಿ ಮನೆತನದವರೇ. ನಮ್ಮ ಕಾಲದ ಕುಳವಾಡಿ ಜವರಯ್ಯನವರು. ಆಗ ಊರೆಲ್ಲ ಅವರನ್ನು ಏಕವಚನದಲ್ಲೇ ಕರೆಯುತ್ತಿತ್ತು, ಇಪ್ಪತ್ತು ವರ್ಷದ ನಾನೂ ಸೇರಿದಂತೆ. ಈಗ ಬರೆಯುವಾಗ ಕೈ ತಾನಾಗಿ ಬಹುವಚನಕ್ಕೆ ತಿರುಗುತ್ತದೆ. ತಿರುಗಲಿ.

ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಷಾಢ. ಊರಲ್ಲಿ ಬರೀ ಜಿಟಿಜಿಟಿ, ಕೊಡೆ ಬಿಚ್ಚುವುದೋ ಬೇಡವೋ ಅನ್ನುವಷ್ಟು. ಆದರೆ ನಮ್ಮ ಹೊಳೆಗೆ ನಮ್ಮ ಮಳೆ ಲೆಕ್ಕವೇ ಅಲ್ಲ, ಅದು ಕೊಡಗಿನ ಮಳೆಯ ಮಾತು ಕೇಳುವ ಹೊಳೆ. ಆ ಮಧ್ಯಾಹ್ನ ನಾಲೆ ಕೆಳಗಿನ ನಮ್ಮ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಹೊಳೆ ಕೆಂಪಾಗಿ ಏರುತ್ತಿದೆ ಅಂತ ಯಾರೋ ಕೂಗಿ ಹೋದರು. ಹೆಂಗಸರು ಪೈರಿನ ಕಟ್ಟು ಕೆಳಗಿಟ್ಟು ಸೊಂಟ ನೇರ ಮಾಡಿದರು. ಬದುವಿನ ಮೇಲೆ ನಿಂತಿದ್ದ ಅತ್ತೆ, "ವರ್ಸಾ ವರ್ಸಾ ಕೆಂಪಾಗೋ ಒಳೆ ಅದು. ಇದೊಂದು ಗದ್ದೆ ಮುಗಿಸ್ಬುಟ್ಟು ಓಗ್ರಮ್ಮಿ" ಅಂದರು. ಮುಗಿಸಿಯೇ ಹೋದರು. ನಾನು ಅಲ್ಲೇ, ಊಟದ ಕುಕ್ಕೆಯ ಪಕ್ಕ, ಕೆಸರು ತಗುಲದ ಹಾಗೆ ಸೀರೆ ಎತ್ತಿಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಆ ಒಂದು ಗದ್ದೆ ಮುಗಿಯುವಷ್ಟರಲ್ಲಿ ಕೇರಿಗೆ ನೀರು ನುಗ್ಗಿತ್ತು. ಸಂಜೆಯ ಹೊತ್ತಿಗೆ ಸಂತೆಮಾಳ, ಅಂಗಡಿ ಬೀದಿ ಮುಳುಗಿ, ನಮ್ಮ ಮನೆಯ ಜಗಲಿಯ ಎರಡನೇ ಮೆಟ್ಟಿಲಿಗೆ ಬಂದು ನಿಂತಿತು. ದೇವರ ದಯೆ, ಜನ ಯಾರೂ ಹೋಗಲಿಲ್ಲ. ದನ ಹೋದವು, ಗೋಡೆಗಳು ಹೋದವು. ಮಣ್ಣಿನ ಗೋಡೆ ನೀರಿನಲ್ಲಿ ಬೀಳುವಾಗ ಸದ್ದೇ ಆಗುವುದಿಲ್ಲ, ಸುಮ್ಮನೆ ಕೂತುಬಿಡುತ್ತದೆ. ಅದನ್ನು ನಾನು ಆವತ್ತು ನೋಡಿದೆ.

ಊರಿನ ಹಿಂದಿನ ದಿಣ್ಣೆಯ ಮೇಲೆ ಒಂದು ಸ್ಕೂಲಿತ್ತು. ಮೂರು ಕೋಣೆ, ಒಂದು ವರಾಂಡ. ಊರೆಲ್ಲ ಅಲ್ಲಿ ಸೇರಿತು. ನೀರು ಇಳಿದ ಮೇಲೂ ಕೆಳಗಿನ ಮನೆಗಳಲ್ಲಿ ಮೊಣಕಾಲುದ್ದ ಕೆಸರು, ನಮ್ಮ ಮನೆಯ ಗೋಡೆಗಳೂ ನೆನೆದಿದ್ದವು, ಹಾಗಾಗಿ ಹೆಚ್ಚುಕಮ್ಮಿ ಎರಡು ವಾರ ಅಲ್ಲೇ ಇದ್ದೆವು. ಕೋಣೆಗಳೊಳಗೆ ನಾವು, ವರಾಂಡದಲ್ಲಿ ಕೇರಿಯವರು. ಪ್ರಳಯ ಬಂದರೂ ಆ ಗೆರೆಯನ್ನು ಯಾರೂ ಎಳೆಯಬೇಕಿರಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿತ್ತು. ನಮ್ಮ ಯಜಮಾನರು ಪಿರಿಯಾಪಟ್ಟಣಕ್ಕೆ ಬ್ಯಾರನ್ನಿನ ಇಟ್ಟಿಗೆಗೆ ಅಂತ ಹೋದವರು, ಸೇತುವೆ ಕುಸಿದು ಅಲ್ಲೇ ಸಿಕ್ಕಿಕೊಂಡಿದ್ದರು.

ನಾಲ್ಕನೇ ದಿನಕ್ಕೆ ಜಗಳ ಶುರುವಾಯಿತು. ಸರ್ಕಾರ ದಿಣ್ಣೆಯ ಮೇಲಿನ ಗೋಮಾಳದಲ್ಲಿ ಹೊಸ ಊರು ಕಟ್ಟಿಸಿಕೊಡುತ್ತದಂತೆ, ಇಲ್ಲವೇ ಇದ್ದ ಊರನ್ನೇ ರಿಪೇರಿ ಮಾಡಿಕೊಳ್ಳಲು ಮರಮಟ್ಟು, ಹೆಂಚು ಕೊಡುತ್ತದಂತೆ. ಎರಡರಲ್ಲಿ ಒಂದು. ಊರವರ ಅರ್ಜಿ ನೋಡಿ ತಾಲ್ಲೂಕಿನ ಅಮಲ್ದಾರರು ತೀರ್ಮಾನ ಮಾಡುತ್ತಾರೆ, ಅದನ್ನು ಮೈಸೂರಿನ ಡೆಪ್ಯೂಟಿ ಕಮಿಷನರಿಗೆ ಕಳಿಸುತ್ತಾರೆ.

ಅತ್ತೆಯ ತೀರ್ಮಾನ ಆಗಲೇ ಆಗಿತ್ತು. "ಕರುಗಲ್ಲು ಇರೋ ಕಡೆ ಊರು. ಕಲ್ಲು ಅಲ್ಲಾಡ್ಲಿಲ್ಲ, ನಾವ್ಯಾಕೆ ಅಲ್ಲಾಡನ?" ಕಲ್ಲು ನಿಜಕ್ಕೂ ಅಲ್ಲಾಡಿರಲಿಲ್ಲ. ಸುತ್ತ ಇದ್ದದ್ದೆಲ್ಲ ಹೋಗಿತ್ತು, ಕಲ್ಲು ಮಾತ್ರ ಕುಂಕುಮ ತೊಳೆದುಕೊಂಡು ಹೊಸದಾಗಿ ನಿಂತಿತ್ತು. ಅಂಗಡಿಯವರೂ ಅತ್ತೆಯ ಕಡೆ. ಸಂತೆ ಇರುವ ಕಡೆ ಅಂಗಡಿ, ರಸ್ತೆ ಇರುವ ಕಡೆ ಸಂತೆ, ದಿಣ್ಣೆ ಹತ್ತಿ ಯಾರು ಬರುತ್ತಾರೆ? ಕೇರಿಯವರು ಏನೂ ಹೇಳಲಿಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ.

ಆಗಿನ ಡೆಪ್ಯೂಟಿ ಕಮಿಷನರು ಉತ್ತರ ಭಾರತದ ಕಡೆಯವರು, ಕನ್ನಡದ ಅರ್ಜಿ ಗುಮಾಸ್ತರ ಕಟ್ಟಿನಲ್ಲಿ ಮಲಗುತ್ತದೆ, ಇಂಗ್ಲಿಷಿನದು ನೇರ ಮೇಜಿಗೆ ಹೋಗುತ್ತದೆ ಅಂತ ಟೈಲರು ಎಲ್ಲಿಂದಲೋ ಸುದ್ದಿ ತಂದ. ಅವತ್ತೇ ಮೊದಲ ಸಲ ನಮ್ಮತ್ತೆ ನನ್ನನ್ನು ಊರಿನ ಆಸ್ತಿಯ ಹಾಗೆ ನೋಡಿದರು.

"ಬರಿಯಮ್ಮಿ. ಮುದ್ದೆ ತಿರುವಕೆ ಬರ್ದಿದ್ರೂ ಇದಕ್ಕಾದ್ರೂ ಬಂದೆ."

ಸ್ಕೂಲಿನ ಗೆರೆ ಎಳೆದ ಕಾಗದ, ನನ್ನ ಟ್ರಂಕಿನಲ್ಲಿದ್ದ ನೇರಳೆ ಇಂಕು, ಬಹುಮಾನ ಬಂದಿದ್ದ ಪೆನ್ನು. ಅಬ್ಬಾ, ಏನು ಬರೆದೆ ಅಂತೀರಿ! ವೀ ಮೋಸ್ಟ್ ಹಂಬ್ಲಿ ಬೆಗ್ ಅಂತ ಶುರು. ಅನಾದಿ ಕಾಲದಿಂದ, ಪೂರ್ವಿಕರ ಪವಿತ್ರ ಒಲೆಗಳು, ನದೀಮಾತೆಯ ಮಡಿಲು, ಹೀಗೆ ಎರಡೂವರೆ ಪುಟ. ಕಾಂಪೊಸಿಷನ್ ಕ್ಲಾಸಿನಲ್ಲಿ ಕಲಿತು ಇಟ್ಟುಕೊಂಡಿದ್ದ ವಿಶೇಷಣಗಳಿಗೆಲ್ಲ ಅವತ್ತು ಹಬ್ಬ. ಅತ್ತೆಗೆ ಓದಿ ತೋರಿಸಿದೆ. ಒಂದಕ್ಷರ ಅರ್ಥವಾಗದಿದ್ದರೂ ಕಣ್ಣು ಮುಚ್ಚಿ ತಲೆಯಾಡಿಸುತ್ತಾ ಕೇಳಿದರು.

"ಚೆನ್ನಾಗೈತೆ. ಇನ್ನೊಸಿ ಜೋರಾಗಿ ಬರಿ."

ಮತ್ತೆ ಅರ್ಧ ಪುಟ ಜೋರಾಗಿ ಬರೆದೆ.

ಮಾರನೇ ದಿನ ಸ್ಕೂಲಿನ ಹಿಂದೆ ಬಟ್ಟೆ ಒಣಹಾಕುತ್ತಿದ್ದೆ. ನಿಂಗಮ್ಮ ಬಂದು ನಿಂತಳು. ಜವರಯ್ಯನವರ ಸೊಸೆ, ನನ್ನದೇ ವಯಸ್ಸು. ಕಂಕುಳಲ್ಲಿ ಆರು ತಿಂಗಳ ಮಗು.

"ಚಿಕ್ಕವ್ವಾರೆ, ನಮಗೂ ಒಂದು ಬರ್ಕೊಡ್ತೀರಾ?"

"ಏನಂತ ಬರೀಲಿ?"

"ನೀರು ಮೊದ್ಲು ನಮ್ಮಟ್ಟಿಗೆ ಬತ್ತದೆ ಅಂತ."

"ಆಮೇಲೆ?"

"ಆಮೇಲೆ ಏನು? ಅಷ್ಟೇಯ."

ಅವಳಿಗೆ ನನ್ನ ಮುಖ ನೋಡಿ ಅದು ಸಾಲದು ಅನ್ನಿಸಿತೋ ಏನೋ, ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಹೇಳಿದಳು. "ಅವತ್ತು ನಾಟಿಯಿಂದ ಓಡೋಡಿ ಬಂದ್ನಲ್ಲ, ಬಾಗ್ಲು ತಾವ ಎದೆ ಮಟ ನೀರು. ಇವಳ್ನ ತೊಲೆಗೆ ಸೀರೆ ತೊಟ್ಲು ಕಟ್ಟಿ ಮಲಗ್ಸಿದ್ದೆ. ತೊಟ್ಲು ತಳ ಒದ್ದೆ ಆಗಿತ್ತು. ಇವಳು ಆಡ್ಕೊಂಡು ಕೈ ಬಡೀತಿದ್ಲು, ನೀರು ಕಂಡು."

ಆ ಮಗುವೇ ರತ್ನ.

ಹೊರಗಿನಿಂದ ನೋಡುವವರು, ಇಷ್ಟು ಕಾಲ ದಡದಲ್ಲಿದ್ದವರು ದಡ ಬಿಡಲು ಹೆದರುತ್ತಾರೆ ಅಂತ ತಿಳಿಯುತ್ತಾರೆ. ನಿಂಗಮ್ಮನ ಹೆದರಿಕೆ ಬೇರೆ. ಹಳೇ ಊರನ್ನೇ ರಿಪೇರಿ ಮಾಡಿದರೆ ಎಲ್ಲರೂ ಅವರವರ ಜಾಗಕ್ಕೇ ಹೋಗುತ್ತಾರೆ. ಅವರವರ ಜಾಗ ಅಂದರೆ ಅವಳದು ಆ ತೊಲೆಯ ಕೆಳಗೆ. ಮುಂದಿನ ಸಲ ನಾಟಿಯ ಗದ್ದೆ ಇನ್ನೂ ಒಂದು ಮಾರು ಉದ್ದ ಇದ್ದರೆ?

ಬರೆಯಲು ಕೂತೆ. ನಿನ್ನೆ ಬಳ್ಳಿಯ ಹಾಗೆ ಹಬ್ಬಿದ್ದ ಇಂಗ್ಲಿಷು ಇವತ್ತು ಬಾಯೇ ಬಿಡಲಿಲ್ಲ. ಹಂಬ್ಲಿ ಬೆಗ್ ಅಂತ ಬರೆದು ಹೊಡೆದುಹಾಕಿದೆ. ಅವಳು ಬೇಡುತ್ತಿರಲಿಲ್ಲ, ಹೇಳುತ್ತಿದ್ದಳು. ಕೊನೆಗೆ ಅವಳು ಹೇಳಿದ್ದನ್ನೇ, ಅವಳು ಹೇಳಿದ ವರಸೆಯಲ್ಲೇ, ಐದಾರು ಪುಟ್ಟ ವಾಕ್ಯ ಮಾಡಿದೆ. ನೀರು ಮೊದಲು ನಮ್ಮ ಮನೆಗೆ ಬರುತ್ತದೆ. ಆ ದಿನ ನಾವು ನಾಟಿಯಲ್ಲಿದ್ದೆವು. ಒಂದು ಗದ್ದೆ ಮುಗಿಸಿ ಬಂದೆವು. ನೀರು ತೊಟ್ಟಿಲು ಮುಟ್ಟಿತ್ತು. ಆ ಜಾಗಕ್ಕೆ ನಾವು ವಾಪಸು ಹೋಗುವುದಿಲ್ಲ. ಕೆಳಗೆ ಜವರಯ್ಯನವರ ಹೆಬ್ಬೆಟ್ಟು, ಕೇರಿಯ ಇಪ್ಪತ್ತು ಮನೆಯವರ ಹೆಬ್ಬೆಟ್ಟು.

ಆಷಾಢದ ಥಂಡಿಯಲ್ಲಿ ಕಾಗದ ಒಣಗಬೇಕಲ್ಲ! ಹಿತ್ತಾಳೆ ಚೆಂಬಿಗೆ ಕೆಂಡ ತುಂಬಿ, ಬಟ್ಟೆಗೆ ಇಸ್ತ್ರಿ ಹಾಕುವ ಹಾಗೆ, ಎರಡು ಅರ್ಜಿಯ ಮೇಲೂ ಮೆಲ್ಲಗೆ ಆಡಿಸಿದೆ. ಇವತ್ತಿನ ಪೇಪರಿನಿಂದ ಎದ್ದದ್ದು ಅದೇ ವಾಸನೆ.

ಅತ್ತೆಗೆ ಹೇಳಲಿಲ್ಲ. ಸುಳ್ಳು ಹೇಳಲಿಲ್ಲ, ಹೇಳಲಿಲ್ಲ ಅಷ್ಟೇ. ಇವೆರಡರ ನಡುವಿನ ವ್ಯತ್ಯಾಸದ ಬಗ್ಗೆ ಸಿಸ್ಟರ್ ಒಂದು ಗಂಟೆ ಲೆಕ್ಚರ್ ಕೊಟ್ಟಿದ್ದರು, ಅದರ ಪ್ರಕಾರ ನಾನು ತಪ್ಪಿತಸ್ಥೆಯೇ.

ಅಮಲ್ದಾರರು ಒಂದು ಬೆಳಿಗ್ಗೆ ಜೀಪಿನಲ್ಲಿ ಬಂದರು. ಸ್ಕೂಲಿನ ಮುಂದೆ ಕುರ್ಚಿ ಹಾಕಿದೆವು. ಊರಿನ ಗಂಡಸರು ಎದುರಿಗೆ, ಅತ್ತೆ ಪಕ್ಕದ ಬೆಂಚಿನ ಮೇಲೆ, ಹೆಂಗಸರು ಬಾಗಿಲಲ್ಲಿ. ನಾನು ಕಿಟಕಿಯ ಹಿಂದೆ. ಅಮಲ್ದಾರರು ಮೊದಲ ಅರ್ಜಿ ಓದಿದರು, ಎರಡನೆಯದನ್ನು ಓದಿದರು, ಮತ್ತೆ ಮೊದಲನೆಯದಕ್ಕೆ ಹೋದರು. ಆಮೇಲೆ ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು.

"ಏನ್ರೀ ಇದು? ಒಂದು ಇಲ್ಲೇ ಇರ್ತೀವಿ ಅನ್ನುತ್ತೆ, ಒಂದು ಇಲ್ಲಿರಲ್ಲ ಅನ್ನುತ್ತೆ. ಎರಡೂ ಒಂದೇ ಕೈಬರಹ! ಇಂಕೂ ಅದೇ. ಯಾರ್ರೀ ಬರೆದವರು?"

ನನಗೆ ಆಗ ಹೊಳೆಯಿತು. ಎರಡನೇ ಅರ್ಜಿಯನ್ನಾದರೂ ಬೇರೆ ಇಂಕಿನಲ್ಲಿ, ಅಕ್ಷರ ನೇರ ನಿಲ್ಲಿಸಿ ಬರೆಯಬಹುದಿತ್ತು. ಆದರೆ ಹನ್ನೆರಡು ವರ್ಷ ರೂಲರಿನಿಂದ ತಟ್ಟಿಸಿಕೊಂಡ ಬೆರಳಿಗೆ ಬೇರೆ ಅಕ್ಷರ ಗೊತ್ತೇ ಇರಲಿಲ್ಲ. ಹುಣಸೂರು ತಾಲ್ಲೂಕಿನಲ್ಲೆಲ್ಲ ಆ ಬಳ್ಳಿಬಾಲ ಬಿಡುವ ಕೈ ಒಂದೇ ಇದ್ದಿರಬೇಕು. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

ಅತ್ತೆ ಕಿಟಕಿಯ ಕಡೆ ತಿರುಗಲೂ ಇಲ್ಲ.

"ನಮ್ಮ ಸೊಸೆ ಬರೆದಿರೋದು. ಎಲ್ಡೂವೆ." ಗೊತ್ತಿದ್ದವರ ಹಾಗೆ ಹೇಳಿದರು. ಗೊತ್ತಿರಲಿಲ್ಲ ಅಂತ ನಾನು ಆಣೆ ಮಾಡಬಲ್ಲೆ. "ಆ ಎಲ್ಡನೇದ್ರಾಗೆ ಏನೈತೆ ಅಂತ ಒಸಿ ಕನ್ನಡದಾಗೆ ಓದಿ ಸ್ವಾಮಿ."

ಅಮಲ್ದಾರರು ಓದಿದರು. ಓದಲು ಎಷ್ಟು ಹೊತ್ತು, ಐದಾರು ವಾಕ್ಯ. ಒಂದು ಗದ್ದೆ ಮುಗಿಸಿ ಬಂದೆವು ಅನ್ನುವಲ್ಲಿ ಅತ್ತೆಯ ಎಲೆಯಡಿಕೆ ಜಗಿಯುವ ಬಾಯಿ ನಿಂತಿತು. ತೊಟ್ಟಿಲಿನ ಮಾತು ಬಂದಾಗ ಬಾಗಿಲ ಕಡೆ ನೋಡಿದರು.

"ನಿಂಗಿ, ನಾನು ತಡೆದ್ನಲ್ಲ, ಅವತ್ತಾ?"

"ಊಂ ದೊಡ್ಡವ್ವಾರೆ."

"ಮಗು ಮನೇಲೈತೆ ಅಂತ ಬಾಯಿ ಬುಟ್ಟು ಯೋಳಬಾರ್ದಾ?"

"ಯೋಳಿದ್ರೆ ಬುಡ್ತಿದ್ರಾ?"

ಯಾರೋ ಒಬ್ಬರು ನಿಂಗಮ್ಮನನ್ನು ಗದರಿಸಲು ಎದ್ದರು. ಅತ್ತೆ ಕೈ ಎತ್ತಿ ಕೂರಿಸಿದರು. ಆಮೇಲೆ ಅತ್ತೆ ಜವರಯ್ಯನವರನ್ನು ಕೇಳಿದರು, "ಕುಳವಾಡಿ, ನೀನು ಯೋಳು. ಕರುಗಲ್ಲ ಕೀಳಬೌದಾ?"

"ಕೀಳಂಗಿಲ್ಲ ಅವ್ವಾರೆ. ಊರಿಗಾಗಲ್ಲ."

ಅಂಗಡಿಯವರ ಮುಖ ಅರಳಿತು.

"ಕೀಳದ್ಯಾಕೆ?" ಜವರಯ್ಯನವರು ಮಾತು ಮುಂದುವರಿಸಿದರು. "ಅದು ಅಲ್ಲೇ ಇರ್ಲಿ. ಅದ ನೆಟ್ಟೋರು ನಮ್ಮಜ್ಜಂದ್ರು. ಒಂದ ನೆಡಕೆ ಬಂದ ಕೈಗೆ ಇನ್ನೊಂದ ನೆಡಕೆ ಬರಕಿಲ್ವಾ?"

ಇಷ್ಟು ದಿನ ಊರೆಲ್ಲ ಆ ಕಲ್ಲನ್ನು ಹಿಡಿದುಕೊಂಡು ವಾದ ಮಾಡಿತ್ತು. ಕಲ್ಲು ಯಾರ ಕೈಯದು ಅಂತ ಒಬ್ಬರಿಗೂ ನೆನಪಾಗಿರಲಿಲ್ಲ.

"ಅಂಗಾರೆ ನೆಡು," ಅಂದರು ಅತ್ತೆ. "ಎಲ್ಲಿ ನೆಡ್ತೀಯ?"

"ಒಂದು ಬಿಂದಿಗೆ ನೀರು ಬೇಕು."

ಅತ್ತೆ ಈಗ ಕಿಟಕಿಯ ಕಡೆ ತಿರುಗಿ ನನಗೆ ಕಣ್ಣಿನಲ್ಲೇ ಅಪ್ಪಣೆ ಮಾಡಿದರು. ನಮ್ಮ ತಾಮ್ರದ ಬಿಂದಿಗೆ ತುಂಬಿಸಿ ತಂದೆ. ಎಂದಿನಂತೆ ನೆಲಕ್ಕಿಟ್ಟು ಹಿಂದೆ ಸರಿಯಲು ಹೋದೆ. "ಕೈಗೇ ಕೊಡಮ್ಮಿ, ಚೆಲ್ಲೀಯ" ಅಂದರು ಅತ್ತೆ. ಕೊಟ್ಟೆ. ನಮ್ಮ ಮನೆಯ ಬಿಂದಿಗೆ ಆ ಕೈಗೆ ಹೋದದ್ದು ಅದೇ ಮೊದಲು. ಆಮೇಲೆ ಅದನ್ನು ಹುಣಸೆಹಣ್ಣು ಹಾಕಿ ಎರಡು ಸಲ ಬೆಳಗಿಸಿದರು ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮತ್ತೆಯನ್ನು ಇದ್ದದ್ದಕ್ಕಿಂತ ದೊಡ್ಡವರನ್ನಾಗಿ ಮಾಡಿದರೆ ಅವರಿಗೇ ನಗು ಬರುತ್ತದೆ.

ಜವರಯ್ಯನವರು ದಿಣ್ಣೆಯ ಮೇಲೆ ನಡೆದರು. ಹಿಂದೆ ಅಮಲ್ದಾರರು, ಅವರ ಹಿಂದೆ ಊರು. ಒಂದು ಕಡೆ ಸ್ವಲ್ಪ ನೀರು ಸುರಿದರು. ಅದು ಪೂರ್ತಿ ಹೊಳೆಯ ಕಡೆ ಓಡಿತು. ತಲೆಯಾಡಿಸಿ ಮುಂದೆ ಹೋದರು. ಇನ್ನೊಂದು ಕಡೆ ಸುರಿದರು, ಹಿಂದಿನ ಹಳ್ಳದ ಕಡೆ ಓಡಿತು. ಮೂರನೇ ಸಲ, ಒಂದು ಹಳೇ ಹುತ್ತದ ಪಕ್ಕ ಸುರಿದಾಗ, ನೀರು ಒಂದು ಗಳಿಗೆ ನಿಂತು, ಕವಲಾಗಿ ಅರ್ಧ ಅತ್ತ, ಅರ್ಧ ಇತ್ತ ಇಳಿಯಿತು.

"ಇಲ್ಲಿ," ಅಂದರು. "ಇಲ್ಲಿ ಕಲ್ಲು. ಕಲ್ಲಿನ ಎಲ್ಡೂ ಮಗ್ಲಿಗೆ ಸಾಲಾಗಿ ಮನೆ. ನಿಮ್ಮವೂ ಇದೇ ಮಟ್ಟ, ನಮ್ಮವೂ ಇದೇ ಮಟ್ಟ. ನಮ್ಮಟ್ಟಿ ತಗ್ಗಿಗೆ ಆಕೋದಾದ್ರೆ ನಾನು ಕಲ್ಲು ನೆಡಕಿಲ್ಲ. ಬ್ಯಾರೆ ಯಾರಾರ ಕೈಲಿ ನೆಡ್ಸ್ಕಳಿ."

ಬೇರೆ ಯಾರ ಕೈಯಲ್ಲೂ ನೆಡಿಸುವ ಹಾಗಿಲ್ಲ ಅಂತ ಅವರಿಗೂ ಗೊತ್ತು, ಅತ್ತೆಗೂ ಗೊತ್ತು. ಅತ್ತೆ ಬಿಂದಿಗೆಯನ್ನು ನೋಡಿದರು, ನೆಲದ ಮೇಲೆ ಎರಡು ಕಡೆ ಇಳಿದ ತೇವವನ್ನು ನೋಡಿದರು. "ಬರ್ಕೊಳಿ ಸ್ವಾಮಿ," ಅಂದರು ಅಮಲ್ದಾರರಿಗೆ. ಅಷ್ಟೇ.

ಅವತ್ತು ಸಂಜೆ ನಾನು ಬೈಗುಳಕ್ಕೆ ತಯಾರಾಗಿ ಅತ್ತೆಯ ಎದುರು ಕೂತು ಅವರೆಕಾಳು ಆರಿಸುತ್ತಿದ್ದೆ. ಅವರು ಒಂದು ಹಿಡಿ ಕಾಳು ತಮ್ಮ ಕಡೆ ಎಳೆದುಕೊಂಡು ಕೇಳಿದರು.

"ಎಲ್ಡರಾಗೆ ಯಾವ್ದು ಚೆನ್ನಾಗಿ ಬರ್ದಿದ್ದೆ?"

"ನಿಮ್ಮದು ಉದ್ದ ಇತ್ತು ಅತ್ತೆ."

"ಅಂಗಾರೆ ಅವಳದೇ ಚೆನ್ನಾಗಿತ್ತು ಬುಡು."

ಅಷ್ಟು ವರ್ಷದ ನನ್ನ ಇಂಗ್ಲಿಷ್ ಓದಿಗೆ ಅದಕ್ಕಿಂತ ಸರಿಯಾದ ಮಾರ್ಕ್ಸು ಯಾರೂ ಕೊಟ್ಟಿಲ್ಲ.

ಊರು ದಿಣ್ಣೆ ಹತ್ತಲು ಎರಡು ವರ್ಷ ಹಿಡಿಯಿತು. ಬಿದ್ದ ಮನೆಗಳ ಬಾಗಿಲು, ತೊಲೆ, ಒಡೆಯದೆ ಉಳಿದ ಹೆಂಚು, ಒಂದೊಂದೂ ಕೈಯಿಂದ ಕೈಗೆ ಮೇಲೆ ಹೋದವು. ನಿಂಗಮ್ಮ ತನ್ನ ಮನೆಯಿಂದ ತೆಗೆದುಕೊಂಡು ಹೋದದ್ದು ತೊಟ್ಟಿಲು ಕಟ್ಟಿದ್ದ ಆ ತೊಲೆಯೊಂದನ್ನೇ. ಎಲ್ಲ ಚೆನ್ನಾಗಾಯಿತು ಅಂದರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಂಗಡಿಯವರ ಮಾತು ನಿಜವಾಯಿತು. ಸಂತೆ ದಿಣ್ಣೆ ಹತ್ತಲಿಲ್ಲ, ಹನಗೋಡಿಗೆ ಹೋಯಿತು. ಟೈಲರು ಕೆ.ಆರ್. ನಗರಕ್ಕೆ ಹೋದ. ನಮ್ಮತ್ತೆಯ ಪಟ್ಟಣ ಹೋಗಿ ಬರೀ ಊರು ಉಳಿಯಿತು. ದಿಣ್ಣೆಯ ಬಾವಿಯಲ್ಲಿ ನೀರು ಪಾತಾಳದಲ್ಲಿ. ಪ್ರತಿ ಬೇಸಿಗೆಯಲ್ಲೂ ಹಗ್ಗ ಸೇದುತ್ತಾ ಅತ್ತೆ, "ನಿನ್ ಇಂಗ್ಲೀಷ್ನಿಂದ ನನ್ ಸೊಂಟ ಓಯ್ತು ಕಣಮ್ಮಿ" ಅನ್ನದೆ ಬಿಟ್ಟವರಲ್ಲ. ಮನೆಗಳ ಮಟ್ಟವೇನೋ ಒಂದೇ ಆಯಿತು. ಆದರೆ ಕಲ್ಲಿನ ಆಚೆ ಸಾಲಿಗೂ ಈಚೆ ಸಾಲಿಗೂ ನಡುವೆ ಒಂದು ಬಂಡಿ ಹೋಗುವಷ್ಟು ಜಾಗ ಬಿಟ್ಟರು. ಬಂಡಿಗೆ ಅಂತ ಹೇಳಿದರು. ಅಷ್ಟು ಬಂಡಿಗಳು ನಮ್ಮೂರಲ್ಲಿ ಇರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ, ಎಪ್ಪತ್ತರ ದಶಕದಲ್ಲಿ, ಹೊಳೆ ಮತ್ತೆ ಬಂತು. ಮೊದಲಿಗಿಂತ ಜೋರಾಗಿ. ಅದೂ ಹಗಲು ಹೊತ್ತೇ. ದಿಣ್ಣೆಯ ಅಂಚಿನಲ್ಲಿ ನಾವೆಲ್ಲ ನಿಂತು ನೋಡಿದೆವು. ಸಂತೆಮಾಳ ಇದ್ದ ಕಡೆ ನೀರು, ಕೇರಿ ಇದ್ದ ಕಡೆ ನೀರು, ನಮ್ಮ ಹಳೇ ಮನೆಯ ಜಗಲಿ ದಾಟಿ, ಬಾಗಿಲು ದಾಟಿ, ಸೂರಿನ ಅಂಚಿಗೆ ನೀರು. ಅಲ್ಲಿ ಉಳಿದಿದ್ದರೆ ಈ ಸಲ ನಮ್ಮ ಮೇಲಿನ ಮನೆಯೂ ಉಳಿಯುತ್ತಿರಲಿಲ್ಲ. ಅತ್ತೆ ಅದನ್ನು ನೋಡಿದರು. ತಟ್ಟನೆ ತಿರುಗಿ, ಬಂಡಿ ಜಾಗದ ಆಚೆಗೆ ಕೇಳುವ ಹಾಗೆ ಕೂಗಿದರು:

"ನಿಂಗೀ! ಮಗು ಎಲ್ಲಿ?"

"ಇಲ್ಲೇ ಅವ್ಳೆ ದೊಡ್ಡವ್ವಾರೆ, ನನ್ ಸೆರಗಿಡ್ಕೊಂಡು!"

"ಸರಿ ಬುಡು."

ಆ ಸರಿ ಬುಡು ಅನ್ನುವಾಗ ಅವರ ಭುಜ ಇಷ್ಟು ಕೆಳಗಿಳಿದದ್ದನ್ನು ನಾನು ಕಂಡೆ. ಎಷ್ಟೋ ವರ್ಷದಿಂದ ಆ ಒಂದು ಗದ್ದೆಯನ್ನು ಅವರು ಹೊತ್ತುಕೊಂಡೇ ಓಡಾಡುತ್ತಿದ್ದರು ಅಂತ ಆಗಲೇ ನನಗೆ ಗೊತ್ತಾದದ್ದು. ನನ್ನ ಭುಜದ ಮೇಲೂ ಅದರದೊಂದು ತುಂಡು ಇತ್ತು. ಬಾಯಿ ಬಿಡದೆ ಸೀರೆ ಎತ್ತಿಕೊಂಡು ನಿಂತಿದ್ದೆನಲ್ಲ.

ಈಗ ಟಿವಿಯಲ್ಲಿ ಎಲ್ಲಿಯೋ ಒಂದು ಊರು ಮುಳುಗಿದಾಗಲೆಲ್ಲ ದೊಡ್ಡ ದೊಡ್ಡವರು ಕೂತು ಚರ್ಚೆ ಮಾಡುತ್ತಾರೆ. ಇದ್ದಲ್ಲೇ ಮತ್ತೆ ಕಟ್ಟಬೇಕೋ, ಜನರನ್ನು ಬೇರೆ ಕಡೆ ಕಳಿಸಬೇಕೋ. ಪೂರ್ವಿಕರ ನೆಲ ಅಂತ ಒಬ್ಬರು, ಪ್ರಾಕ್ಟಿಕಲ್ ಆಗಿರಿ ಅಂತ ಇನ್ನೊಬ್ಬರು. ಆ ಭಾಷೆಯಲ್ಲೆಲ್ಲ ನನ್ನ ಮೊದಲ ಅರ್ಜಿಯ ನೇರಳೆ ಇಂಕು ಕಾಣುತ್ತದೆ. ಎಲ್ಲ ಊರಿಗೂ ಒಂದೇ ಉತ್ತರ ಇದೆ ಅಂತ ನನಗನ್ನಿಸುವುದಿಲ್ಲ. ನೀರು ಮೊದಲು ಯಾರ ಮನೆಗೆ ಬರುತ್ತದೋ ಅವರನ್ನು ಮೊದಲು ಕೇಳಿ, ಅವರು ಹೇಳಿದ್ದನ್ನು ಹೇಳಿದಷ್ಟೇ ಉದ್ದ ಬರೆದುಕೊಳ್ಳಿ ಅಂತ ಮಾತ್ರ ಅನ್ನಿಸುತ್ತದೆ. ಆದರೆ ಟಿವಿಯವರು ನನ್ನನ್ನು ಕರೆಯುವುದಿಲ್ಲ, ನನಗೂ ಮೊಣಕಾಲು ನೋವು.

ಇಷ್ಟು ಬರೆಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಊಟ ಸೇರಲಿಲ್ಲ. ಏಳನೇ ಸಲವೋ ಎಂಟನೇ ಸಲವೋ ಫೋನ್ ಮಾಡಿ ಇಟ್ಟ ಮೇಲೆ ಅದು ತಾನಾಗಿ ರಿಂಗಾಯಿತು.

"ದೊಡ್ಡಮ್ಮ, ಫೋನ್ ಮಾಡಿದ್ರಾ? ಕರೆಂಟ್ ಇರ್ಲಿಲ್ಲ, ಟವರೂ ಇರ್ಲಿಲ್ಲ." ರತ್ನ. ಐವತ್ತು ದಾಟಿದ ಹೆಂಗಸು, ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಟೀಚರು. ನನಗೆ ಮಾತ್ರ ಇನ್ನೂ ತೊಟ್ಟಿಲಿನಲ್ಲಿ ಕೈ ಬಡಿಯುವವಳು. "ಇರಿ, ಅವ್ವಂಗೆ ಕೊಡ್ತೀನಿ. ಬೆಳಗ್ಗಿಂದ ದಿಣ್ಣೆ ಅಂಚಲ್ಲೇ ಕುರ್ಚಿ ಹಾಕ್ಕೊಂಡು ಕೂತವ್ಳೆ."

ಗಾಳಿಯ ಸದ್ದು, ಅದರ ಹಿಂದೆ ನೀರಿನ ಸದ್ದು. ಆಮೇಲೆ ನಿಂಗಮ್ಮನ ಒಡಕು ಗಂಟಲು. ಅವಳಿಗೆ ಕಿವಿ ಮಂದ, ಹಾಗಾಗಿ ಫೋನಿನಲ್ಲಿ ನಾನು ಏನು ಕೇಳಿದರೂ ಕೇಳದೆ ತಾನೇ ಮಾತಾಡುತ್ತಾಳೆ.

"ಚಿಕ್ಕವ್ವಾರಾ? ಬಂದಿತ್ತು ಕಣ್ರವ್ವ. ಹಳೇ ಊರಿಗೆ ಬಂದಿತ್ತು. ಬೀದಿ ಬೀದಿ ತಿರುಗ್ತು, ಸಂತೆಮಾಳದಾಗೆ ಒಂದು ಸುತ್ತು ಹೊಡೀತು. ಯಾರೂ ಸಿಗ್ಲಿಲ್ಲ. ಈಗ ಇಳೀತಾ ಅದೆ. ಕರುಗಲ್ಲಿನ ತಲೆ ಕಾಣ್ತಾ ಅದೆ. ನೀವು ಉಂಡ್ರಾ?"

ಇಲ್ಲ ಅಂದೆ. ಅದು ಮಾತ್ರ ಹೇಗೋ ಅವಳಿಗೆ ಕೇಳಿಸಿತು.

"ಓಗಿ, ಉಣ್ಣೋಗಿ," ಅಂತ ಗದರಿಸಿದಳು.

ಫೋನ್ ಇಟ್ಟೆ. ನನ್ನ ಭುಜ ಇಷ್ಟು ಕೆಳಗಿಳಿದದ್ದನ್ನು ಇಲ್ಲಿ ಕಾಣುವವರು ಯಾರೂ ಇರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಒಣಗಿಸಿದ ಪೇಪರನ್ನು ಮಡಿಸಿಟ್ಟು, ಒಲೆಯ ಮೇಲೆ ಎಸರಿಟ್ಟೆ. ರಾಗಿಹಿಟ್ಟಿನ ಡಬ್ಬ ತೆಗೆದೆ. ಈಗ ನನಗೆ ಮುದ್ದೆ ಕಟ್ಟಲು ಬರುತ್ತದೆ.